ನೀರಿಲ್ಲದ ಜಲಪಾತ

ಅಮ್ಮಾ,

ಮಧ್ಯಾಹ್ನ ಮಾರ್ಮೊರೆ ಜಲಪಾತಕ್ಕೆ ಬಂದೆ. ಎದುರಿಗೆ ಬರೀ ಒದ್ದೆ ಬಂಡೆ! ತಾನು ಸೈನ್ಯದಲ್ಲಿದ್ದಾಗ ಇಲ್ಲಿಗೆ ಬಂದಿದ್ದಾಗಿಯೂ, ಆದರೆ ನೀರೇ ಇರಲಿಲ್ಲವೆಂದೂ ಅಪ್ಪ ಹೇಳಿದಾಗಲೆಲ್ಲ, ನೀನು ಪಾಸ್ತಾ ಬಡಿಸುತ್ತಾ, "ನೀರಿಲ್ಲದ ಜಲಪಾತವಂತೆ! ಯಾವಳ ಮನೇಲಿ ಕೂತಿದ್ದೆ, ಒಪ್ಕೊಳಯ್ಯಾ" ಎನ್ನುತ್ತಿದ್ದೆ. ಅಪ್ಪನ ಆ ಪೆಚ್ಚು ಮುಖ ನೆನಪಾಯಿತು.

ಟಿಕೆಟ್ ಕೊಡುವ ಹೆಂಗಸು ನಕ್ಕಳು. "ಕರೆಂಟಿಗೆ ಅಂತ ನೀರು ತಿರುಗಿಸಿರ್ತಾರೆ ಕಣ್ರೀ. ಸೈರನ್ ಕೂಗೋವರೆಗೂ ತಡ್ಕೊಳ್ಳಿ."

ಸೈರನ್ ಕೂಗಿತು. ಗುಡ್ಡದ ತುದಿಯಿಂದ ನೀರು ಧುಮುಕಿ ನನ್ನನ್ನೂ ಈ ಕಾರ್ಡನ್ನೂ ನೆನೆಸಿತು. ಅಪ್ಪ ಅಷ್ಟು ಹೊತ್ತು ಕಾಯಲಿಲ್ಲ, ಅಷ್ಟೆ.

ಮಂಡಿನೋವು ಪರವಾಗಿಲ್ಲ, ಮುಲಾಮು ಹಚ್ಚುತ್ತಿದ್ದೇನೆ. ಭಾನುವಾರ ಸಮಾಧಿಗೆ ಹೂವಿಡುವಾಗ ಅಪ್ಪನಿಗೆ ನೀನೇ ಹೇಳಿಬಿಡು, ನಂಬಿದೆ ಎಂದು. ಬಸ್ಸು ಬಂತು.

ಓರ್ನೆಲ್ಲಾ