ಕಾಲಿನ ಪ್ಲೇಟು ತೆಗೆದ ದಿನ

ಅಪ್ಪಾ,

ಇವತ್ತು ಬೀದರಿನಲ್ಲಿ ನನ್ನ ಪಾದದ ಕೀಲಿನ ಪ್ಲೇಟು, ಆರು ಸ್ಕ್ರೂ ಎಲ್ಲ ತೆಗೆದರು. ತೆಗೆಸುವ ದಿನ ಜೊತೆಗೆ ಬರುತ್ತೇನೆಂದು ನೀನು ಹೇಳಿದ್ದೆ. ನೀನು ತೀರಿಕೊಂಡು ಏಳು ತಿಂಗಳಾಯಿತು. ಅವ್ವ ಬಂದಿದ್ದಳು.

ಮಧ್ಯಾಹ್ನ ವಾರ್ಡಿಗೆ ಬಂದ ಹೊಸ ಡಾಕ್ಟರು, "ಇದು ಹ್ಯಾಂಗ ಮುರದಿತ್ತಮ್ಮ?" ಎಂದು ಕೇಳಿದರು. ನನಗಿಂತ ಮೊದಲು ಅವ್ವನೇ ಹೇಳಿದಳು: "ಕಾಲೇಜಿಗಿ ಬಿಡ್ಲಾಕ ಹೋದಾಗ ಇವರಪ್ಪ ಗಕ್ಕನ ಬ್ರೇಕ್ ಹಾಕಿದ್ರಿ. ಗಾಡಿ ಮ್ಯಾಲಿಂದ ಬಿದ್ದಳ್ರಿ."

ನೀನೂ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ. ಆಮೇಲೆ ನೀನು ಆ ಲೂನಾ ಗಾಡಿ ಮುಟ್ಟಲೇ ಇಲ್ಲ. ಭಾತಂಬ್ರಾದಿಂದ ಭಾಲ್ಕಿಯ ನಿನ್ನ ಹೊಲಿಗೆ ಅಂಗಡಿಗೆ ಬಸ್ಸಿನಲ್ಲೇ ಓಡಾಡಿದೆ. ಚಳಿಗೆ ನನ್ನ ಕಾಲು ನೋಯತೊಡಗಿದರೆ ಬಿಸಿನೀರು ಕಾಯಿಸಿ ತಂದು, "ನನ್ನ ಕೈಯಿಂದಾನೇ ಹಿಂಗಾಯ್ತವ್ವ" ಅನ್ನುತ್ತಿದ್ದೆ. ನಾನು ಸುಮ್ಮನೆ ಕಾಲು ಚಾಚುತ್ತಿದ್ದೆ.

ಇವತ್ತು ಹೇಳಿಬಿಟ್ಟೆ, ಅಪ್ಪಾ.

"ಇಲ್ಲವ್ವ, ನಾನೇ ಜಿಗಿದೆ. ಗೇಟಿನ ಮುಂದ ಗೆಳತ್ಯಾರು ನಿಂತಿದ್ರು. ಆ ಹಳೇ ಲೂನಾ ಮ್ಯಾಲ ಅವರು ನನ್ನ ನೋಡಬಾರ್ದಂತ, ಗಾಡಿ ನಿಲ್ಲೂಕಿಂತ ಮೊದಲೇ ಜಿಗಿದೆ. ಅಪ್ಪ ಬ್ರೇಕ್ ಮೆಲ್ಲಕ ಹಾಕಿದ್ದ."

ಡಾಕ್ಟರು ಏನೋ ಬರೆದುಕೊಂಡು ಪಕ್ಕದ ಮಂಚಕ್ಕೆ ಹೋದರು. ಅವ್ವ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇದೊಂದು ಮಾತು ನಿಮ್ಮಪ್ಪನಿಗಿ ಹೇಳಬೇಕಿತ್ತವ್ವ," ಎಂದಳು. ನನ್ನ ಕಾಲಿನ ಮೇಲೆ ಹೊದಿಕೆ ಎಳೆದು ಸರಿಮಾಡಿದಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಳು. ಸಂಜೆಯಾದರೂ ಈ ಕಡೆ ತಿರುಗಲಿಲ್ಲ.

ಕ್ಯಾರೊಲಿನ