ಲಾನಿನ ಒಂದೆಲಗ

ಅಕ್ಟೋಬರ್ ೧೨, ಭಾನುವಾರ

ತಂಬುಳಿ ಪಾತ್ರೆ ತೊಳೆಯುತ್ತಾ ಸುಮ್ಮನೆ ಕೇಳಿದೆ, "ಒಂದೆಲಗ ಎಲ್ಲಿ ಸಿಕ್ತು ಅತ್ತೆ?"

"ಇಲ್ಲೇ, ಲಾನಲ್ಲಿ. ಮಳೆ ಹೊಳವಾಗಿ ಬಿಸಿಲು ಬಂತಲ್ಲ, ಚೆನ್ನಾಗಿ ಚಿಗುರಿತ್ತು."

ಬೆಳಿಗ್ಗೆ ಅಲ್ಲಿಗೆ ಕಳೆ ಔಷಧಿ ಹೊಡೆದವಳು ನಾನೇ. ಹುಲ್ಲಿಗೇನೂ ಆಗಲ್ಲ, ಅಗಲ ಎಲೆಯ ಕಳೆ ಮಾತ್ರ ಸಾಯುತ್ತೆ ಅಂತ ಆಲ್ದೂರಿನ ಅಂಗಡಿಯವರು ಕೊಟ್ಟಿದ್ದು. ಗ್ಲೌಸ್ ಹಾಕಿದ್ದೆ, ಗಾಳಿ ಇಲ್ಲದ ಹೊತ್ತು ನೋಡಿದ್ದೆ, ನಾಯಿ ಕಟ್ಟಿದ್ದೆ. ಹೋಂಸ್ಟೇಗೆ ಬಂದವರಿಗೆಲ್ಲ ಆ ಕಡೆ ಕಾಲಿಡಬೇಡಿ ಅಂದಿದ್ದೆ. ಅತ್ತೆಗೆ ಮಾತ್ರ ಹೇಳಲಿಲ್ಲ. ಅವರು ಸೊಪ್ಪು ಕೊಯ್ಯುವುದು ಅಲ್ಲೇ ಅಂತ ಗೊತ್ತಿದ್ದೂ ಹೊಳೆಯಲಿಲ್ಲ. ಅದನ್ನು ಹಸಿಯಾಗೇ ರುಬ್ಬಿದ್ದಾರೆ. ಮಗಳು ಭುವನಾ ಲೋಟಕ್ಕೆ ಹಾಕಿಸಿಕೊಂಡು ಕುಡಿದಿದ್ದಾಳೆ.

ಡಾಕ್ಟರಿಗೆ ಫೋನ್ ಮಾಡಿ ಡಬ್ಬಿಯ ಮೇಲಿದ್ದಷ್ಟನ್ನೂ ಓದಿದೆ. ವಾಂತಿ ಮಾಡಿಸೋಕೆ ಹೋಗಬೇಡಿ, ಪಕ್ಕದಲ್ಲೇ ಇರಿ, ತಾನಾಗೇ ವಾಂತಿಯಾದ್ರೆ, ಮಂಕಾದ್ರೆ, ಡಬ್ಬಿ ಸಮೇತ ಕರ್ಕೊಂಡು ಬನ್ನಿ ಅಂದರು. ನಮ್ಮನೆಯವರು ಕಾರನ್ನು ಬಾಗಿಲಿಗೇ ತಂದು ನಿಲ್ಲಿಸಿ ಒಳಗೇ ಕೂತಿದ್ದಾರೆ.

ಭುವನಾ ನಿದ್ದೆ ಮಾಡುತ್ತಿದ್ದಾಳೆ. ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಒಂದು ಸಾಲು ಬರೆಯುತ್ತೇನೆ, ಮತ್ತೆ ಹಿಡಿಯುತ್ತೇನೆ. ಉಸಿರು ಸರಿಯಾಗೇ ಇದೆ.

"ನೀನು ಮಗು ನೋಡ್ಕೋ, ನನಗೇನಾಗುತ್ತೆ" ಅಂದು ಅತ್ತೆ ಕೋಣೆಗೆ ಹೋದವರು ಆಮೇಲೆ ಮಾತೇ ಆಡಿಲ್ಲ.

ನಾನು ತೊಳೆಯಲು ತೆಗೆದುಕೊಂಡಾಗ ಆ ಪಾತ್ರೆ ಖಾಲಿಯಿತ್ತು. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಕೊನೆಗೆ ಎತ್ತಿ ಕುಡಿಯುವವರು ಈ ಮನೆಯಲ್ಲಿ ಒಬ್ಬರೇ.

ಅವರ ಕೋಣೆಯ ಲೈಟ್ ಇನ್ನೂ ಉರಿಯುತ್ತಿದೆ. ಕರೆದೆ. ಇನ್ನೊಮ್ಮೆ ಕರೆದೆ. ಅತ್ತೆ—