ಹಾಲಿಗೆ ಬಿದ್ದ ಉಪ್ಪು

೮ ಆಗಸ್ಟ್ ೧೯೬೬, ಸೋಮವಾರ. ಊರು: ನಗರ.

ಕುಂದಾಪುರದ ಬಸ್ಸು ಇವತ್ತೂ ತಡ. ಹುಲಿಕಲ್ ಘಾಟಿಯಲ್ಲಿ ಮರ ಬಿದ್ದಿತೋ, ಬ್ರೇಕ್ ಹೋಯಿತೋ... ಏಜೆಂಟನಾದವನು ಟಿಕೆಟ್ ಹರಿಯುವುದು ಬಿಟ್ಟು ರಸ್ತೆಯ ತಿರುವನ್ನೇ ನೋಡುತ್ತಾ ನಿಂತೆ. ಕಡೆಗೂ ಬಂತು. ಡ್ರೈವರ್ ಗಜಾನನ ಇಳಿದವನೇ, "ಜಟ್ಟಪ್ಪಣ್ಣ, ನಿಮ್ಮ ಮುಖ ಕಂಡ್ರೆ ನಂಗೇ ಹೆದ್ರಿಕೆ ಆಗ್ತದೆ. ನಾನು ಸತ್ತಿಲ್ಲ ಮಾರಾಯ್ರೆ!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಟ್ಟೆಯಲ್ಲಿ ಉರಿ. ಜೇಬಿನಲ್ಲಿದ್ದ ಸೋಡಾಪುಡಿ ಬಾಯಿಗೆ ಹಾಕಿಕೊಂಡೆ.

ಮನೆಗೆ ಬಂದರೆ ಹೆಂಡತಿ ದುಗ್ಗಮ್ಮನ ತಟ್ಟೆ ಹಾಗೇ ಇದೆ. ಪಕ್ಕದ ಮನೆಯವರು ಅನ್ನ ಕಿವುಚಿ ನೀರು ಮಾಡಿ ಕೊಟ್ಟರೂ ಗಂಟಲಲ್ಲಿ ಇಳಿಯಲಿಲ್ಲವಂತೆ. ಶಿವಮೊಗ್ಗದ ಡಾಕ್ಟರು ಗಂಟಲೊಳಗೆ ಗೆಡ್ಡೆ ಅಂದರು. ಮನೆಯಲ್ಲೇ ನೋಡಿಕೊಳ್ಳಿ, ತಿನ್ನುವಷ್ಟು ತಿನ್ನಲಿ ಅಂದರು. ತಿನ್ನುವಷ್ಟು — ಅಂದರೆ ತಿಂದರೆ ಉಳಿಯುತ್ತಾಳೆ ಅಂತ ತಾನೇ? ಕೇಳಬೇಕಿತ್ತು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಡಾಕ್ಟರ ಎದುರು ಬಾಯಿ ಬರುವುದಿಲ್ಲ.

೧೦ ಆಗಸ್ಟ್

ಬೆಳಿಗ್ಗೆ ದುಗ್ಗಮ್ಮ ಕರೆದಳು. ದನಿ ಈಗ ಗೊಗ್ಗರು. ಹತ್ತಿರ ಹೋಗಿ ಕಿವಿ ಕೊಡಬೇಕು.

"ಹಿತ್ಲಲ್ಲಿ ಮುಸುಕಿನ ಜೋಳ ಹಾಲುಗಾಳು ಆಗಿರ್ಬೇಕು. ಉಗುರಲ್ಲಿ ಒತ್ತಿ ನೋಡಿ. ಹಾಲು ಚಿಮ್ಮಿದ್ರೆ ತೆನೆ ಮುರ್ಕೊಂಡು ಬನ್ನಿ."

"ಯಾಕೆ?"

"ನಮ್ಮಮ್ಮ ಅದ್ರದ್ದು ಗಂಜಿ ಕಾಯಿಸ್ತಿದ್ಲು. ಹಾಲು ಹಾಕಿ, ಉಪ್ಪು ಹಾಕಿ. ಉಣ್ಬೇಕು ಅನ್ನಿಸ್ತಿದೆ."

ನನಗೆ ಹೋದ ಜೀವ ಬಂದ ಹಾಗಾಯಿತು. ಎಷ್ಟು ದಿನವಾಗಿತ್ತು ಅವಳು ಏನಾದರೂ ಬೇಕು ಅಂದು! ಪಕ್ಕದ ಹೂವಯ್ಯನ ಹೆಂಡತಿಗೆ ಹೇಳಿ ಮಾಡಿಸುತ್ತೇನೆ ಅಂದೆ. ಪಾಪ, ಇಷ್ಟು ದಿನ ನಮಗೆ ಸಾರು ಅನ್ನ ಕಳಿಸುತ್ತಿರುವುದು ಅವರೇ.

"ಬೇಡ. ಅವ್ರ ಕೈ ಖಾರ. ನೀವೇ ಮಾಡಿ."

"ನಾನಾ? ನಂಗೆ ಒಲೆ ಊದಕ್ಕೇ ಬರಲ್ಲ."

"ನಾನು ಹೇಳ್ತೀನಿ. ನೀವು ಮಾಡಿ."

ಅವಳ ಚಾಪೆಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಬಂದೆ. ಸಿಪ್ಪೆ ಸುಲಿದೆ. ಕಾಯಿ ತುರಿಯುವ ಹೆರೆಮಣೆಯ ಮೇಲೆ ತೆನೆ ತುರಿದೆ. ಹಾಲು ಮುಖಕ್ಕೆಲ್ಲ ಹಾರಿತು. ಹೆಬ್ಬೆರಳೂ ಕುಯ್ದುಕೊಂಡಿತು. ನಂಜಾಗುತ್ತದೋ ಏನೋ. ತುರಿದದ್ದನ್ನು ನೀರಲ್ಲಿ ಕಲಸಿ ಗಡಿಗೆಗೆ ಸುರಿದು ಒಲೆಗಿಟ್ಟೆ. ದಪ್ಪವಾಗುತ್ತಾ ಬಂದ ಮೇಲೆ ಹಾಲು. ಶುಂಠಿ ಜಜ್ಜಿದ ರಸ, ಚೂರು ಜೀರಿಗೆ. ಮೆಣಸು ಬೇಡವೇ ಬೇಡ ಅಂದಳು. ಅವಳ ಗಂಟಲು ಹೇಗೆ ತಡೆದೀತು!

ಉಪ್ಪಿಗೆ ಬಂದಾಗ ಕೈ ನಿಂತಿತು. ಹಾಲಿಗೆ ಉಪ್ಪು ಹಾಕಿದರೆ ಹಸುವಿನ ಕೆಚ್ಚಲು ಬಾತುಕೊಳ್ಳುತ್ತದೆ ಅಂತ ನಮ್ಮ ಅವ್ವ ಹೇಳುತ್ತಿದ್ದಳು. ಕೊಟ್ಟಿಗೆಯಲ್ಲಿ ಇರುವುದು ಒಂದೇ ಹಸು, ಕೌಲೆ. ಹಾಕಿದ ಹಾಗೆ ಮಾಡಿ ಹಾಕಲಿಲ್ಲ.

ಬಟ್ಟಲಿಗೆ ಹೊಯ್ದು ಅವಳ ಮುಂದೆ ಹಿಡಿದೆ. ಮುಖ ತಿರುಗಿಸಿದಳು.

"ನೀವು ಮೊದ್ಲು."

ಮದುವೆಯಾದ ಲಾಗಾಯ್ತು ಇದೇ. ನನ್ನ ಊಟವಾಗದೆ ಅವಳು ತುತ್ತೆತ್ತಿದವಳಲ್ಲ. ಜ್ವರ ಬಂದಾಗಲೂ ಇಲ್ಲ. ರೋಗಿಗೆ ಎಂಥ ಶಾಸ್ತ್ರ ಅಂತ ಗದರಿದೆ. ಕೇಳಬೇಕಲ್ಲ! ನಾನೇ ಒಂದು ಬಟ್ಟಲು ಕುಡಿದೆ. ಆಮೇಲೆ ಅವಳು ಎರಡು ಚಮಚ ತಗೊಂಡು ಕಣ್ಣು ಮುಚ್ಚಿದಳು.

"ಸರಿ ಬಂದಿಲ್ಲ. ಸಪ್ಪೆ. ನಾಳೆ ಮತ್ತೆ ಮಾಡಿ."

೧೧ ಆಗಸ್ಟ್

ಉಪ್ಪಿನ ವಿಷಯ ಒಪ್ಪಿಕೊಂಡೆ. ನಗು ಬಂತು ಅವಳಿಗೆ. ನಗು ಹೋಗಿ ಕೆಮ್ಮಾಯಿತು. ಹೆದರಿಬಿಟ್ಟೆ.

"ಹಾಲು ಹಾಲಾಗಿದ್ದಾಗ ಹಾಕ್ಬಾರ್ದು ಅಷ್ಟೆ. ಒಡೀತದೆ. ಜೋಳ ಹಾಲು ಕುಡಿದ ಮೇಲೆ ಅದು ಗಂಜಿ. ಗಡಿಗೆ ಇಳಿಸಿ ಹಾಕಿ. ಕೌಲೆಗೆ ನಾನು ಹೇಳಿರ್ತೀನಿ, ಏನೂ ಆಗಲ್ಲ."

ಇಳಿಸಿ ಹಾಕಿದೆ. ಸಂಜೆ ಕೆಚ್ಚಲು ಮುಟ್ಟಿ ನೋಡಿದೆ. ಸರಿಯಾಗಿದೆ.

ಇವತ್ತು ಗಂಟು ಗಂಟಾಯಿತಂತೆ. ನಾಳೆ ಮತ್ತೆ.

೧೬ ಆಗಸ್ಟ್

ತಳ ಹಿಡಿಯಿತು. ಬಸ್ಸಿನ ಹಾರನ್ ಕೇಳಿ ಓಡಿಹೋದದ್ದು ತಪ್ಪು. ಒಂದೇ ಕಡೆಗೆ ತಿರುಗಿಸುತ್ತಾ ನಿಲ್ಲಬೇಕು, ಸೌಟು ಬಿಡಬಾರದು. ಸೀದ ವಾಸನೆ ಮನೆಯೆಲ್ಲ. ಆದರೂ ನನ್ನ ಬಟ್ಟಲು ಮುಗಿಯುವ ತನಕ ಅವಳು ಬಿಡಲಿಲ್ಲ.

೨೨ ಆಗಸ್ಟ್

ಮನಸ್ಸಿಗೆ ಸಮಾಧಾನವಿಲ್ಲ. ಅವಳದ್ದು ಎರಡು ಚಮಚ, ನನ್ನದು ಬಟ್ಟಲು ತುಂಬ. ರೋಗಿಯ ಪಾಲನ್ನು ನಾನು ತಿನ್ನುತ್ತಿದ್ದೇನೆ. ಇವತ್ತು ಹೊರಗೆ ಹೋಗಿ ಬಂದು "ಉಂಡೆ" ಅಂದೆ.

"ಬಾಯಿ ತೋರ್ಸಿ."

"ಏ, ನಾನೇನು ಚಿಕ್ ಹುಡುಗನಾ?"

"ಮೀಸೆಗೆ ಒಂದು ಹನಿ ಹತ್ತಿಲ್ಲ. ಸುಳ್ಳು ಹೇಳಕ್ಕೂ ಬರಲ್ಲ ನಿಮ್ಗೆ. ಬನ್ನಿ, ಉಣ್ಣಿ."

ಉಂಡೆ. ಅವಳು ನೋಡುತ್ತಾ ಇದ್ದಳು. ಬಟ್ಟಲು ಬರಿದಾಗುವುದನ್ನೇ ನೋಡುತ್ತಾಳೆ.

ಗಂಜಿ ಒಂದು ಸಲ ಸರಿಯಾಗಿ ಬಂದುಬಿಟ್ಟರೆ ಅವಳೂ ಬಟ್ಟಲು ತುಂಬ ಉಂಡಾಳು. ಉಂಡರೆ ಮೈಗೆ ಹತ್ತೀತು. ನನ್ನ ಕೈ ಸರಿಯಿಲ್ಲ, ಅದೇ ತೊಂದರೆ.

೫ ಸೆಪ್ಟೆಂಬರ್

ತೆನೆ ಬಲಿಯುತ್ತಿವೆ. ಉಗುರು ಇಳಿಯುವುದಿಲ್ಲ. ಗಾಬರಿಯಾಯಿತು, ಇನ್ನು ಗಂಜಿಗೆ ಏನು ಗತಿ ಅಂತ. ದುಗ್ಗಮ್ಮನಿಗೆ ಗಾಬರಿಯಿಲ್ಲ. ಬಲಿತದ್ದನ್ನೆಲ್ಲ ಮುರಿಸಿದಳು. ಸಿಪ್ಪೆ ಹಿಂದಕ್ಕೆ ಜಡೆ ಹಾಕಿ ಒಲೆಯ ಮೇಲಿನ ಗಳಕ್ಕೆ ಕಟ್ಟಿಸಿದಳು. ಹೊಗೆ ತಾಗಿದರೆ ಹುಳ ಬೀಳುವುದಿಲ್ಲವಂತೆ. ಕಾಳು ಬಿಡಿಸಿ ಬೀಸುಕಲ್ಲಲ್ಲಿ ರವೆ ಒಡೆಯುವುದು, ನೆನೆಹಾಕುವುದು, ನೀರು ಎಷ್ಟು ಹೆಚ್ಚು ಬೇಕು — ಎಲ್ಲ ಹೇಳಿದಳು. ಬಾಯಲ್ಲಿ ಆಗದ್ದಕ್ಕೆ ಕೈಸನ್ನೆ.

"ಇಷ್ಟೊಂದು ಯಾರಿಗೆ ಮಾರಾಯ್ತಿ?"

"ಇರ್ಲಿ. ಬೇಸಿಗೆಗೆ ಆಗ್ತದೆ."

ಬೇಸಿಗೆಗೆ! ಬೇಸಿಗೆಯ ಮಾತು ಆಡುತ್ತಾಳೆ. ಬಸ್ ಸ್ಟ್ಯಾಂಡಿಗೆ ಹೋಗುವಾಗ ಕಾಲು ನೆಲಕ್ಕೆ ತಾಗಲಿಲ್ಲ. ಗಜಾನನನಿಗೂ ಹೇಳಿದೆ. ಅವನು ನನ್ನ ಬೆನ್ನು ತಟ್ಟಿ ಬಸ್ಸು ಹತ್ತಿದ.

೧೪ ಸೆಪ್ಟೆಂಬರ್

ದುಗ್ಗಮ್ಮನ ತಂಗಿ ಗುತ್ಯಮ್ಮ ಸಾಗರದ ಕಡೆಯಿಂದ ಬಂದಳು. ನಾನು ಗಡಿಗೆಯ ಮುಂದೆ ಕೂತಿದ್ದೆ.

"ಅಯ್ಯಯ್ಯೋ ಭಾವ! ಸೌಟು ಹಿಡಿದ್ರಾ? ಅಕ್ಕ ಮಲಗಿದ್ದಲ್ಲೇ ನಿಮ್ಮನ್ನ ಹೆಂಗಸು ಮಾಡಿದ್ಲಲ್ಲ!"

ನಗುತ್ತಾ ಒಳಗೆ ಹೋದಳು, ಅಕ್ಕನ ಮುಖ ನೋಡಿದಳು, ಆಮೇಲೆ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ದುಗ್ಗಮ್ಮ ನಿದ್ದೆಹೋದ ಮೇಲೆ ನಾನೇ ಕೇಳಿದೆ. "ನಿಮ್ಮಮ್ಮನ ಜೋಳದ ಗಂಜಿ ಹೆಂಗಿರ್ತಿತ್ತು? ಇಷ್ಟು ದಿನ ಆದ್ರೂ ನಂಗೆ ಸರಿ ಬರ್ತಿಲ್ಲ."

ಗುತ್ಯಮ್ಮ ನನ್ನ ಮುಖ ನೋಡಿದಳು. "ಅಕ್ಕಂಗಾ ಇದು? ಅಕ್ಕಂಗೆ ಜೋಳದ ವಾಸ್ನೆ ಕಂಡ್ರೇ ಆಗಲ್ಲ ಭಾವ, ಸಣ್ಣವಳಿದ್ದಾಗಿಂದ. ನಾವೆಲ್ಲ ಉಂಡ್ರೆ ಅಮ್ಮ ಅವ್ಳಿಗೆ ಬೇರೆ ಅಕ್ಕಿ ಗಂಜಿ ಕಾಯಿಸ್ತಿದ್ಲು. ನಿಮ್ಗೆ ಹೊಟ್ಟೆಹುಣ್ಣು ಅಂತ ಡಾಕ್ಟ್ರು ಹೇಳಿದ್ರಲ್ಲ, ಖಾರ ಬಿಡಿ, ಹೊತ್ತಿಗೆ ಸರಿಯಾಗಿ ಮೆತ್ತಂದು ಉಣ್ಣಿ ಅಂತ — ಆಗ ಅಕ್ಕ ನನ್ನ ಕೇಳಿದ್ಲು, ಅಮ್ಮನ ಗಂಜಿ ಮಾಡೋದು ಹೆಂಗೆ ಅಂತ. ನಿಮ್ಗೆ ಅಂತ."

ಅಷ್ಟೇ ಅಂದಳು.

ಜೇಬಿಗೆ ಕೈ ಹಾಕಿದೆ. ಸೋಡಾಪುಡಿಯ ಪೊಟ್ಟಣ ತಗಡಿನ ಹಾಗೆ ಗಟ್ಟಿಯಾಗಿದೆ. ಮುಟ್ಟದೆ ಎಷ್ಟು ದಿನವಾಯಿತೋ. ಹೊಟ್ಟೆಯ ಉರಿ ಹೋದದ್ದು ನನಗೇ ತಿಳಿದಿಲ್ಲ. ಎಲ್ಲದಕ್ಕೂ ಚಿಂತೆ ಮಾಡುವವನಿಗೆ ಇದೊಂದು ತಿಳಿಯಲಿಲ್ಲ.

ನಿಮಗೋಸ್ಕರ ಕಲೀರಿ ಅಂದಿದ್ದರೆ ನಾನು ಕಲಿಯುತ್ತಿರಲಿಲ್ಲ. ಅವಳಿಗೆ ಗೊತ್ತು.

೧೫ ಸೆಪ್ಟೆಂಬರ್

ಏನೂ ಗೊತ್ತಿಲ್ಲದವನ ಹಾಗೆ ಕಾಯಿಸಿದೆ. ಒಣಗಿದ ಕಾಳಿನ ರವೆ. ನೀರು, ಆಮೇಲೆ ಹಾಲು, ಇಳಿಸಿ ಉಪ್ಪು, ಚೂರು ಬೆಣ್ಣೆ. ಸೌಟು ಎತ್ತಿದರೆ ಕೆನೆಯ ಹಾಗೆ ಇಳಿಯಿತು. ಮೊದಲು ನಾನು ಉಂಡೆ. ಅವಳಿಗೆ ಚಮಚದ ತುದಿಯಲ್ಲಿ ಮುಟ್ಟಿಸಿದೆ. ವಾಸನೆಗೆ ಮೂಗಿನ ಬುಡ ಚೂರು ಸುಕ್ಕಾಯಿತು. ದಿನವೂ ಆಗುತ್ತಿತ್ತೋ ಏನೋ, ನಾನು ನೋವು ಅಂದುಕೊಂಡಿದ್ದೆ.

"ಇವತ್ತು ಸರಿ ಬಂತು," ಅಂದಳು.

ಚಮಚ ಬಟ್ಟಲಲ್ಲೇ ಬಿಟ್ಟೆ.

ಇಷ್ಟು ದಿನ ಈ ಮಾತು ಕೇಳಬೇಕು ಅಂತ ಒದ್ದಾಡಿದೆನಲ್ಲ. ಈಗ ಬೇಡ. ಸರಿ ಬಂದರೆ ಕಲಿಸುವುದು ಮುಗಿಯಿತು. ಮುಗಿದರೆ ಅವಳಿಗೆ ಇಲ್ಲಿ ಕೆಲಸವೇನು?

೧೬ ಸೆಪ್ಟೆಂಬರ್

ಕೊಟ್ಟಿಗೆಯಲ್ಲಿ ಕೌಲೆಯ ಹಣೆ ಮುಟ್ಟಿ ತಪ್ಪಾಯಿತು ಅಂದೆ. ಒಳಗೆ ಬಂದು ಹಸಿ ಹಾಲಿಗೇ ಹಿಡಿ ಉಪ್ಪು ಹಾಕಿ ಒಲೆಗಿಟ್ಟೆ. ಒಡೆದುಹೋಯಿತು. ರವೆ ಸುರಿದೆ. ಗಂಟು ಬೇರೆ, ನೀರು ಬೇರೆ.

ದುಗ್ಗಮ್ಮ ಬಟ್ಟಲು ನೋಡಿದಳು. ನನ್ನನ್ನು ನೋಡಿದಳು.

"ಹಾಲಿಗೆ ಉಪ್ಪು ಹಾಕಿದ್ರಾ?"

"ಮರ್ತುಹೋಯ್ತು."

"ನೀವಾ? ಹಸು ಕೆಚ್ಚಲು ಅಂತ ಹೆದ್ರಿ ಸಾಯೋರು..."

ನಾನು ತಲೆ ಎತ್ತಲಿಲ್ಲ. ಕೈ ಚಾಚಿ ನನ್ನ ಮೀಸೆಯ ಮೇಲೆ ಬೆರಳಿಟ್ಟಳು. ತಣ್ಣಗಿತ್ತು ಬೆರಳು.

"ಗುತ್ಯ ಹೇಳಿದ್ಲು ಅಲ್ವಾ," ಅಂದಳು. ಅದು ಪ್ರಶ್ನೆಯಲ್ಲ. ಬಟ್ಟಲು ನನ್ನ ಕಡೆಗೆ ಸರಿಸಿ, "ಆಯ್ತು. ಸರಿ ಬಂದಿಲ್ಲ. ನಾಳೆ ಮತ್ತೆ ಮಾಡಿ."

೧೭ ಸೆಪ್ಟೆಂಬರ್

ಬೇಕೆಂದೇ ಗಂಜಿಯಲ್ಲಿ ಗಂಟು ಬಿಟ್ಟೆ. ಸರಿ ಬಂದಿಲ್ಲ ಅಂದಳು. ಕೌಲೆ ಎಂದಿಗಿಂತ ಚೆನ್ನಾಗಿಯೇ ಹಾಲು ಕೊಟ್ಟಿದ್ದಾಳೆ.

೧೮ ಸೆಪ್ಟೆಂಬರ್

ತಳ ಹಿಡಿಸಿದೆ. ಗುತ್ಯಮ್ಮ ಬೈದಳು — ಭಾವ, ಹಾಲು ಹಾಳು, ಕಾಳು ಹಾಳು, ನಿಮ್ಗೆ ಬುದ್ಧಿ ಇದೆಯಾ ಅಂತ. ದುಗ್ಗಮ್ಮ ಸುಮ್ಮನಿರು ಅಂತ ಅವಳಿಗೆ ಕೈ ಮಾಡಿದಳು. ನನ್ನ ಕಡೆ ತಲೆ ಆಡಿಸಿದಳು. ಬಂದಿಲ್ಲ.

ಮೂರು ದಿನ ಸಿಕ್ಕಿತು.

೨೧ ಸೆಪ್ಟೆಂಬರ್

ಮಾತಿಲ್ಲ. ನೀರೂ ಬಟ್ಟೆಯಲ್ಲಿ ಅದ್ದಿ ತುಟಿಗೆ. ಗುತ್ಯಮ್ಮ ಇವತ್ತು ಗಂಜಿ ಯಾರಿಗೆ, ಒಲೆ ಬೇಡ ಅಂದಳು. ದುಗ್ಗಮ್ಮ ಒಲೆಯ ಕಡೆಗೇ ನೋಡುತ್ತಿದ್ದಳು. ಕಾಯಿಸಿದೆ.

ಹಾಳುಮಾಡಲು ಕೈ ಬರಲಿಲ್ಲ. ಸರಿಯಾಗಿಯೇ ಮಾಡಿದೆ.

ಅವಳ ಎದುರು ಕೂತು ಉಂಡೆ. ಕಡೆಯ ಗುಟುಕನ್ನೂ ಬಿಡಲಿಲ್ಲ. ನುಂಗಿದೆ. ಬಟ್ಟಲು ಬೋರಲು ಹಾಕಿ ತೋರಿಸಿದೆ. ಮೀಸೆಗೆ ಹತ್ತಿದ್ದನ್ನೂ ಒರೆಸಲಿಲ್ಲ. ನೋಡಿದಳು. ಕಣ್ಣು ಮುಚ್ಚಿದಳು. ಉಸಿರು ಇದೆ. ಈಗಲೂ ಇದೆ, ಬರೆಯುತ್ತಾ ಕೇಳಿಸಿಕೊಳ್ಳುತ್ತಿದ್ದೇನೆ...

೧೦ ಅಕ್ಟೋಬರ್

ದುಗ್ಗಮ್ಮನ ಕಾರ್ಯ ಎಲ್ಲ ಮುಗಿಯಿತು. ಗುತ್ಯಮ್ಮನನ್ನು ಬಸ್ಸಿಗೆ ಹತ್ತಿಸಿದೆ. "ಭಾವ, ಸಾಗರಕ್ಕೆ ಬಂದು ನಮ್ಮ ಮನೇಲೇ ಇರಿ. ಮಕ್ಕಳು ಮರಿ ಇಲ್ಲ, ಒಬ್ರೇ ಏನು ಮಾಡ್ತೀರಿ?" ಅಂದಳು. ಕೌಲೆ ಇದೆಯಲ್ಲ ಅಂದೆ.

ಕುಂದಾಪುರದ ಬಸ್ಸು ತಡ. ತಿರುವು ನೋಡಲಿಲ್ಲ. ಬಂದಾಗ ಬರುತ್ತದೆ. ಗಜಾನನ ಇಳಿದು ನನ್ನ ಪಕ್ಕ ಬಂದು ನಿಂತ.

೧೨ ಅಕ್ಟೋಬರ್

ಹೂವಯ್ಯನ ಮನೆಯ ಸಾರು. ಖಾರ. ಸಂಜೆ ಹೊಟ್ಟೆ ಉರಿಯಿತು. ಸೋಡಾಪುಡಿ ಹುಡುಕಿದೆ. ಆ ಪೊಟ್ಟಣ ಕಲ್ಲಾಗಿದೆ, ಒಡೆಯಲಿಲ್ಲ.

೧೩ ಅಕ್ಟೋಬರ್, ಸಂಜೆ

ಗಳದಿಂದ ಒಂದು ಜಡೆ ಬಿಚ್ಚಿದೆ. ಗಂಟು ಹಾಕಿದ್ದು ನಾನೇ, ಬಿಚ್ಚಲು ಬರಲಿಲ್ಲ, ಕತ್ತಿಯಲ್ಲಿ ಕೊಯ್ಯಬೇಕಾಯಿತು. ಕಾಳು ಬಿಡಿಸಿದೆ. ಬೀಸಿದೆ. ನೆನೆಹಾಕಿದೆ. ಒಲೆ ಒಂದೇ ಊದಿಗೆ ಹತ್ತಿತು.

ಮೊದಲು ನೀರು. ದಪ್ಪ ಬಂದ ಮೇಲೆ ಹಾಲು. ಒಂದೇ ಕಡೆಗೆ ತಿರುಗಿಸಿದೆ. ದೂರದಲ್ಲಿ ಹಾರನ್ ಕೇಳಿತು, ಸೌಟು ಬಿಡಲಿಲ್ಲ. ಇಳಿಸಿ ಉಪ್ಪು. ಗಂಟಿಲ್ಲ. ತಳ ಹಿಡಿದಿಲ್ಲ.

ಎರಡು ಬಟ್ಟಲಿಗೆ ಹೊಯ್ದಿದ್ದೇನೆ. ರೂಢಿ. ಬಾಗಿಲಲ್ಲಿ ಚಾಪೆ ಹಾಸಿದ ಜಾಗ ಖಾಲಿ ಇದೆ, ಅಲ್ಲಿಗೇ ಮುಖ ಮಾಡಿ ಕೂತು ಮೊದಲು ನಾನು ಉಂಡೆ. ಪೂರ್ತಿ ಉಂಡೆ. ಇನ್ನೊಂದು ಬಟ್ಟಲು ಎದುರಿಗೆ ಇದೆ, ಮೇಲೆ ಕೆನೆ ಕಟ್ಟುತ್ತಿದೆ.

ಸರಿ ಬಂದಿದೆ ದುಗ್ಗಮ್ಮ. ಆದ್ರೂ ಬಂದಿಲ್ಲ ಅನ್ನು. ಒಂದು ಸಲ ಅನ್ನು. ನಾಳೆ ಮತ್ತೆ...